ಒಂಬತ್ತು ಲಕ್ಷ ಚಿಟ್ಟೆಗಳು

ನಯನ ಪ್ಲಾಸ್ಟಿಕ್ ಟಬ್ಬಿನ ನೀರಿಗೆ ಬ್ಲೀಚಿಂಗ್ ಪೌಡರ್ ಸುರಿದು ಕಡ್ಡಿಯಿಂದ ಕದಡುತ್ತಿದ್ದಾಗ, ಗೇಟಿನ ಆಚೆ ನಿಂತಿದ್ದ ಮುನಿರತ್ನಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇದೇನವ್ವ ನಯನಾ, ಸಾವಿನ ಮನೆ ಬಾಗ್ಲಲ್ಲಿ ಅರಿಸಿನದ ನೀರು ಮಡಗ್ತಾರೆ. ನೀನು ಈ ಗಬ್ಬುನಾತದ್ದು ಮಡಗ್ತಾ ಇದ್ದೀಯಲ್ಲ!"

"ಅತ್ತೆ ಹೇಳವ್ರೆ ಮುನಿರತ್ನಕ್ಕ. ನಾನು ಸತ್ತಾಗ ಊರಲ್ಲಿ ರೇಷ್ಮೆ ಹುಳ ಇದ್ರೆ, ಬಂದೋರೆಲ್ಲ ಕಾಲು ಅದ್ದೇ ಒಳಕ್ಕೆ ಬರ್ಬೇಕು, ಅದ್ದೇ ಆಚೆಗೆ ಹೋಗ್ಬೇಕು ಅಂತ."

"ಸಾಯೋ ಹೊತ್ತಲ್ಲೂ ಅದೇ ಜ್ಞಾನವಾ ಈವಮ್ಮಂಗೆ!" ಎನ್ನುತ್ತ ಮುನಿರತ್ನಮ್ಮ ಸೀರೆಯ ನಿರಿಗೆ ಎತ್ತಿ ಹಿಡಿದು ಟಬ್ಬಿಗೆ ಕಾಲಿಟ್ಟಳು. ಬೈದಳು, ಆದರೆ ಅದ್ದಿದಳು. ಹೊಂಗನೂರಿನಲ್ಲಿ ಭದ್ರಮ್ಮನ ಮಾತೆಂದರೆ ಹಾಗೇ, ಗೊಣಗಿಕೊಂಡಾದರೂ ನಡೆಸುತ್ತಿದ್ದರು.

ಚಪ್ಪರದ ಕೆಳಗೆ ಬೆಂಚಿನ ಮೇಲೆ ಭದ್ರಮ್ಮನನ್ನು ಮಲಗಿಸಿದ್ದರು. ತಲೆಯ ಹತ್ತಿರ ದೀಪ, ಬಾಯಲ್ಲಿ ಎಲೆ ಅಡಿಕೆ. ಸಕ್ಕರೆ ಕಾಯಿಲೆಯ ಮುದುಕಿ ನಾಲ್ಕು ದಿನ ಇವತ್ತೋ ನಾಳೆಯೋ ಎಂದು ಎಳೆದಾಡಿ, ಭಾನುವಾರ ಬೆಳಗಿನ ಜಾವ ಉಸಿರು ಬಿಟ್ಟಿದ್ದಳು. ಅರವತ್ತೈದು ವರ್ಷ. ಮಗ ಶ್ರೀನಿವಾಸ್ ಹಾರೋಹಳ್ಳಿಯ ಕಂಪನಿಯಲ್ಲಿ ಶಿಫ್ಟು ಮುಗಿಸಿ ಬರುವ ಹೊತ್ತಿಗೆ ಸೊಸೆ ನಯನಳೇ ಬಾಯಿಗೆ ನೀರು ಬಿಟ್ಟು ಕಣ್ಣು ಮುಚ್ಚಿಸಿದ್ದಳು.

ಹುಳ ಸಾಕುವವರ ಫಜೀತಿ ಬೇರೆಯವರಿಗೆ ಹೇಳಿದರೆ ನಗುತ್ತಾರೆ. ಸಾವಿನ ಮನೆಯಂಗಳ ತುಳಿದ ಮೈಯಲ್ಲಿ ರೇಷ್ಮೆ ಹುಳದ ಮನೆಗೆ ಕಾಲಿಡುವಂತಿಲ್ಲ. ತಲೆಗೆ ನೀರು ಹಾಕಿಕೊಂಡರೂ ಆ ದಿನ ಪೂರ್ತಿ ದೂರವೇ ಇರಬೇಕು. ಹುಳವೋ, ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಯಾರು ಸತ್ತರು, ಯಾರು ಉಳಿದರು ಎಂದು ಕೇಳುವ ಪೈಕಿಯಲ್ಲ. ಹೀಗಾಗಿ ಅಂದು ಊರಿನ ಪ್ರತಿ ಮನೆಯೂ ಎರಡು ಪಾಲಾಗಿತ್ತು. ಒಬ್ಬರು ಹುಳದ ಕಡೆ, ಒಬ್ಬರು ಹೆಣದ ಕಡೆ. ಗಂಡ ಬಂದಿದ್ದರೆ ಹೆಂಡತಿ ಇಲ್ಲ, ಅತ್ತೆ ಬಂದಿದ್ದರೆ ಸೊಸೆ ಇಲ್ಲ. ಆದರೂ ಅಂಗಳ ತುಂಬಿ ಬೀದಿಗೆ ಚೆಲ್ಲಿತ್ತು.

"ಇನ್ನೇನವ್ವ, ನಿನಗೂ ಬಿಡುಗಡೆ ಆಯ್ತು," ಎಂದಳು ಮುನಿರತ್ನಮ್ಮ, ಹೆಣಕ್ಕೆ ಕೈ ಮುಗಿದು ನಯನಳ ಪಕ್ಕ ಬಂದು ಕೂತು. "ಆ ಮೈಕ್ರೋಸ್ಕೋಪಿನ ಪೆಟ್ಟಿಗೆ ಅಟ್ಟಕ್ಕೆ ಎಸ್ದುಬುಟ್ಟು, ಗಂಡನ ಜೊತೆ ನೀನೂ ಕಂಪನಿ ಬಸ್ಸು ಹತ್ತು. ಹೆಣ್ಮಕ್ಕಳನ್ನ ಸಾಲಾಗಿ ತಗೋತಾವ್ರಂತೆ."

ನಯನ ದೀಪಕ್ಕೆ ಎಣ್ಣೆ ಹಾಕಿದಳು. ಹಿಂದಿನ ವಾರ ಶ್ರೀನಿವಾಸನೇ ಅರ್ಜಿ ತಂದುಕೊಟ್ಟಿದ್ದ. ಅದನ್ನು ತುಂಬಿ ದೇವರ ಗೂಡಿನಲ್ಲಿ ಇಟ್ಟಿದ್ದಳು. ಅತ್ತೆ ಇಲ್ಲದ ಮೇಲೆ ಈ ಮನೆಗೆ ರೋಗ ನೋಡಿಸಲು ಹುಳ ತರುವವರು ಯಾರು?

*

ಭದ್ರಮ್ಮ ಹುಟ್ಟಿದ್ದು ಮಾಗಡಿ ಸೀಮೆಯ ತಿಪ್ಪಸಂದ್ರದಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಡಿಸಿ ಕೈಗೆ ಕೋಲು ಕೊಟ್ಟಿದ್ದರು. ನೂರಿಪ್ಪತ್ತು ಕುರಿಗಳ ಹಿಂಡಿನಲ್ಲಿ ಯಾವುದು ಮೇವು ಬಿಟ್ಟಿದೆ, ಯಾವುದು ನಾಳೆ ಕುಂಟುತ್ತದೆ ಎಂದು ಇವತ್ತೇ ಹೇಳುತ್ತಿದ್ದಳಂತೆ. ಹೊಂಗನೂರಿಗೆ ಸೊಸೆಯಾಗಿ ಬಂದು, ಮಗ ತೊಟ್ಟಿಲಲ್ಲಿರುವಾಗಲೇ ಗಂಡ ತೀರಿಕೊಂಡ ಮೇಲೆ, ಚನ್ನಪಟ್ಟಣದ ಕಡೆಯ ಒಂದು ಬಿತ್ತನೆ ಕೋಠಿಗೆ ದಿನಗೂಲಿಗೆ ಸೇರಿದಳು. ಅದು ಅರವತ್ತೇಳನೇ ಇಸವಿ.

ಬಿತ್ತನೆ ಕೋಠಿಯೆಂದರೆ ರೈತರಿಗೆ ರೇಷ್ಮೆ ಮೊಟ್ಟೆ ತಯಾರಿಸಿ ಕೊಡುವ ಜಾಗ. ಗೂಡಿನಿಂದ ಹೊರಬಂದ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ, ಆ ತಾಯಿಯನ್ನು ಪಿಂಗಾಣಿ ಒರಳಿನಲ್ಲಿ ಕ್ಷಾರದ ನೀರಿನೊಂದಿಗೆ ಅರೆದು, ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನೋಡುವುದು ಗಂಟುರೋಗಕ್ಕೆ. ಅದು ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳಕ್ಕೆ, ಒಂದು ಮನೆಯ ಹುಳದಿಂದ ಇಡೀ ಊರಿಗೆ ದಾಟುವ ರೋಗ. ಮದ್ದಿಲ್ಲ. ಗಾಜಿನಲ್ಲಿ ರೋಗದ ಬೀಜ ಕಂಡರೆ ಸುಡುವುದೊಂದೇ ದಾರಿ.

ಭದ್ರಮ್ಮನ ಕೆಲಸ ಅರೆಯುವುದಷ್ಟೇ. ನೋಡುವವರು ಪ್ಯಾಂಟು ಹಾಕಿದ ಪರೀಕ್ಷಕರು. ಅವರು ಟೀಗೆ ಎದ್ದುಹೋದಾಗ ಇವಳು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕೊಳವೆಗೆ ಇಡುತ್ತಿದ್ದಳು. ಹೀಗೆ ಕದ್ದು ನೋಡಿ ನೋಡಿ ಒಂದು ತಿಂಗಳಾಯಿತು. ಒಂದು ದಿನ ಪರೀಕ್ಷಕರು ಗಾಜೊಂದನ್ನು ಚೊಕ್ಕಟವೆಂದು ಪಕ್ಕಕ್ಕೆ ಸರಿಸಿದಾಗ, ಅರೆಯುತ್ತಿದ್ದ ಕೈ ನಿಲ್ಲಿಸಿ, "ಸಾ, ಅದ್ರಲ್ಲಿ ಐತೆ," ಎಂದುಬಿಟ್ಟಳು.

"ಏನು ಐತೆ?"

"ಹೊಳಿಯೋದು. ನಿಂತಲ್ಲೇ ನಡುಗೋದು."

ಪರೀಕ್ಷಕರು ಕೆಂಡವಾದರು. ಕೂಲಿಯವಳಿಗೆ ಇಷ್ಟು ಸೊಕ್ಕೇ ಎಂದು ಕೂಗಾಡಿದ್ದು ಕೇಳಿ ಅಧಿಕಾರಿ ಒಳಗೆ ಬಂದರು. ಅವರಿಗೂ ತಮಾಷೆ ನೋಡುವ ಆಸೆ. ಹತ್ತು ಗಾಜುಗಳನ್ನು ಸಾಲಾಗಿ ಇಡಿಸಿದರು. ಭದ್ರಮ್ಮ ಮೂರನ್ನು ಬೇರೆ ತೆಗೆದಿಟ್ಟಳು. ಪರೀಕ್ಷಕರ ಪ್ರಕಾರ ರೋಗ ಇದ್ದದ್ದು ಎರಡರಲ್ಲಿ. ಅಧಿಕಾರಿ ಮೂರನೆಯದನ್ನು ತಾವೇ ನೋಡಲು ಕೂತವರು ಬಹಳ ಹೊತ್ತು ಏಳಲಿಲ್ಲ. ಕೊನೆಗೆ ಕನ್ನಡಕ ಮೇಲೇರಿಸಿಕೊಂಡು, "ಈಯಮ್ಮನಿಗೊಂದು ಸ್ಟೂಲು ಕೊಡಿ," ಎಂದರು.

ಕಾಗದಪತ್ರದಲ್ಲಿ ಅವಳು ಕೊನೆಯವರೆಗೂ ಜವಾನಿಯೇ. ಆದರೆ ಆ ಸ್ಟೂಲಿನಿಂದ ಮೂವತ್ತೆರಡು ವರ್ಷ ಅವಳನ್ನು ಎಬ್ಬಿಸಲು ಯಾರಿಂದಲೂ ಆಗಲಿಲ್ಲ.

*

ಹನ್ನೊಂದರ ಹೊತ್ತಿಗೆ ತಿಪ್ಪಸಂದ್ರದಿಂದ ಭದ್ರಮ್ಮನ ತಮ್ಮ ನರಸಯ್ಯ ತವರಿನ ಸೀರೆ ತಂದ. ಟಬ್ಬಿನಲ್ಲಿ ಕಾಲು ಅದ್ದಿ ಬಂದು ಅಕ್ಕನ ಕಾಲ ಬಳಿ ಕೂತು ಒಂದಷ್ಟು ಅತ್ತು, ಮೂಗು ಒರೆಸಿಕೊಂಡು, ಸುತ್ತ ಇದ್ದವರಿಗೆ ಹೆಮ್ಮೆಯಿಂದ ಹೇಳತೊಡಗಿದ.

"ನನ್ನ ಗೂಡಿನ ಮೊಟ್ಟೇನೇ ಸುಡಿಸ್ಬುಟ್ಲು ಕಣ್ರಯ್ಯ, ಸ್ವಂತ ತಮ್ಮನ್ದು! ಎಂಬತ್ನಾಲ್ಕರಲ್ಲಿ. ನಮ್ಮ ಕಡೆ ಬಿತ್ತನೆ ಗೂಡು ಬೆಳೀತೀವಲ್ಲ, ನನ್ನ ಗೂಡು ಇವಳ ಕೋಠಿಗೇ ಹೋಯ್ತು. ಚಿಟ್ಟೆ ಎದ್ವು, ಮೊಟ್ಟೆ ಇಟ್ವು. ಗಾಜಿನಲ್ಲಿ ನೋಡ್ತಾಳೆ, ಗಂಟು! ನಾನು ಓಡ್ಬಂದೆ. ಅಕ್ಕ, ಒಂದು ಕಿತ ಕಣ್ಣು ಮುಚ್ಕೊಬುಡು, ಮಗಳ ಮದುವೆ ಐತೆ ಅಂದೆ."

"ಏನಂದ್ಲು?"

"ಏನೂ ಅನ್ನಲಿಲ್ಲ. ಊಟಕ್ಕಿಕ್ಕಿದ್ಲು. ಮುದ್ದೆ, ಸೊಪ್ಪಿನ ಸಾರು. ನಾನು ಉಣ್ತಾ ಇದ್ದೆ, ಅವಳು ಕೋಠಿಗೆ ಹೋಗಿ ಮೊಟ್ಟೆಗೆಲ್ಲ ಬೆಂಕಿ ಇಡಿಸಿ ಬಂದ್ಲು! ಆರು ವರ್ಷ ಮಾತು ಬುಟ್ಟಿದ್ದೆ ನಾನು."

"ಆ ವರ್ಷ ಸುತ್ತಮುತ್ತ ಎಲ್ಲಾ ಹುಳ ಹೋಯ್ತು," ಎಂದ ಒಬ್ಬ ಮುದುಕ. "ನಮ್ಮೂರಲ್ಲಿ ಮಾತ್ರ ಚಂದ್ರಂಕಿ ಸಾಲದೆ ಬೇರೆ ಊರಿಂದ ತಂದ್ವಿ, ಗೂಡು ಕಟ್ಸೋಕೆ."

"ಅದಕ್ಕೇ ಮತ್ತೆ ಮಾತಾಡಿಸ್ದೆ ಅಂತೀನಿ!" ಎಂದ ನರಸಯ್ಯ. ಸಾವಿನ ಮನೆಯೆಂಬುದನ್ನು ಮರೆತು ನಾಲ್ಕು ಜನ ನಕ್ಕರು. ನಯನಳಿಗೂ ನಗು ಬಂತು, ಹಿಂದೆಯೇ ಅಳುವೂ ಬಂತು.

ಅಷ್ಟರಲ್ಲಿ ಚನ್ನಪಟ್ಟಣದ ಬಸ್ಸಿನಿಂದ ಇಳಿದು ಅಮೀರುನ್ನೀಸಾ ಬಂದಳು. ರಾಮನಗರದವಳು, ಕೋಠಿಯಲ್ಲಿ ಭದ್ರಮ್ಮನ ಪಕ್ಕದ ಸ್ಟೂಲಿನಲ್ಲಿ ಇಪ್ಪತ್ತು ವರ್ಷ ಕೂತು ಕೆಲಸ ಕಲಿತವಳು. ಈಗ ಅವಳೂ ನಿವೃತ್ತಳು. ಟಬ್ಬು ಕಂಡದ್ದೇ ಏನೂ ಕೇಳದೆ ಚಪ್ಪಲಿ ಕಳಚಿ ಅದರಲ್ಲಿ ನಿಂತಳು. ಭದ್ರಮ್ಮನ ಹಣೆ ನೇವರಿಸಿ, "ಲೆಕ್ಕ ಹಾಕಿದ್ವಿ ನಾವಿಬ್ರೂ ಒಂದ್ಸಲ," ಎಂದಳು ನಯನಳಿಗೆ. "ಒಂಬತ್ತು ಲಕ್ಷ ಚಿಟ್ಟೆ ನೋಡಿದ್ದಾಳೆ ನಿಮ್ಮತ್ತೆ. ಒಂಬತ್ತು ಲಕ್ಷ! ಈ ತಾಲ್ಲೂಕಲ್ಲಿ ಯಾರ ಮೈಮೇಲೆ ರೇಷ್ಮೆ ಸೀರೆ ಇದ್ರೂ ಅದ್ರಲ್ಲಿ ಒಂದು ಎಳೆ ಇವಳ ಕಣ್ಣ ಮುಂದೆ ಹಾದುಹೋಗಿರೋದೇ."

ಆಗ ಗೇಟಿನ ಆಚೆಯಿಂದ ಕೂಗು ಕೇಳಿಸಿತು.

"ನಯನವ್ವಾ... ನಾನು ಒಳಕ್ಕೆ ಬರಾಕಿಲ್ಲ. ಒಸಿ ಈ ಕಡೆ ಬಾರವ್ವ."

ಮುನಿರತ್ನಮ್ಮನ ಪಕ್ಕದ ಮನೆಯ ಚಿಕ್ಕಹನುಮಯ್ಯ. ಚಟ್ಟಕ್ಕೆ ಹೆಗಲು ಕೊಡುವ ನಾಲ್ವರಲ್ಲಿ ಅವನೂ ಒಬ್ಬನೆಂದು ಬೆಳಿಗ್ಗೆಯೇ ಗೊತ್ತಾಗಿತ್ತು. ಭದ್ರಮ್ಮ ಕೊಟ್ಟ ಮೊಟ್ಟೆಯಲ್ಲೇ ಮೂವತ್ತು ವರ್ಷ ಬೆಳೆ ತೆಗೆದವನು, ಹೆಗಲು ನನ್ನದೇ ಎಂದು ಹಟ ಹಿಡಿದಿದ್ದ. ಈಗ ಮುಖ ಬಾಡಿ ಬೂದಿಯಾಗಿತ್ತು. ಕೈಯಲ್ಲಿ ಹುಳ ಇಟ್ಟು ಮಡಿಸಿದ ಹರಳೆಲೆ.

ಎಲೆ ನೋಡಿದ ತಕ್ಷಣ ನಯನ ಎದ್ದು ನಿಂತಳು. "ಅಲ್ಲೇ ನಿಂತ್ಕೊ ಚಿಕ್ಕಯ್ಯಣ್ಣ! ಬಿಚ್ಬೇಡ ಅದನ್ನ. ಅಂಗಳದ ತುಂಬ ಹುಳದ ಮನೆಯೋರೇ ಅವ್ರೆ."

"ಹುಳ ಎಲ್ಲಾ ಸಣ್ಣದು ದೊಡ್ಡದು ಆಗ್ಬುಟ್ಟವೆ ಕನವ್ವ. ಕೆಲವು ಸೊಪ್ಪೇ ಮುಟ್ತಾ ಇಲ್ಲ. ಮೈಮೇಲೆ ಕರಿ ಚುಕ್ಕೆ, ಮೆಣಸಿನ ಪುಡಿ ಎರಚ್ದಂಗೆ." ಅವನು ಎಲೆಯನ್ನು ಎತ್ತಿ ತೋರಿಸಿದ. "ನಾಲ್ಕನೇ ಜ್ವರ ಎದ್ದಿರೋ ಹುಳ. ಇನ್ನೊಂದು ವಾರಕ್ಕೆ ಹಣ್ಣಾಗೋವು."

ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಮಲಗಿ, ಹಳೆಯ ಚರ್ಮ ಕಳಚಿ ಏಳುತ್ತದೆ. ಅದನ್ನೇ ಈ ಕಡೆ ಜ್ವರ ಅನ್ನುವುದು. ನಾಲ್ಕನೆಯದರಿಂದ ಎದ್ದ ಹುಳವೆಂದರೆ ಕೈಗೆ ಬಂದ ಬೆಳೆ. ಆದರೆ ಸಣ್ಣದು ದೊಡ್ಡದು, ಮೆಣಸಿನ ಚುಕ್ಕೆ ಎಂಬ ಮಾತು ಕೇಳಿದ್ದೇ ಅಂಗಳದಲ್ಲಿ ಅಳುತ್ತಿದ್ದವರೂ ಅಳು ನಿಲ್ಲಿಸಿದರು.

"ಗಂಟು!" ಎಂದಳು ಮುನಿರತ್ನಮ್ಮ. "ನಂಗೂ ಅವನಿಗೂ ಒಂದೇ ಗೋಡೆ. ಸಂಜೆಗೆ ನಮ್ಮನೇಲಿರ್ತದೆ, ನಾಳಿಕ್ಕೆ ಊರಲ್ಲಿ. ಸುಟ್ಬುಡ್ಲಿ, ಈಗ್ಲೇ!"

"ಇನ್ನೂರು ಮೊಟ್ಟೆ ಹುಳ ಕನಕ್ಕ..." ಒಂದು ಚಿಟ್ಟೆ ಇಟ್ಟದ್ದಷ್ಟೂ ಈ ಕಡೆಯ ಲೆಕ್ಕದಲ್ಲಿ ಒಂದು ಮೊಟ್ಟೆ, ಅದರಲ್ಲಿ ನಾನೂರು ಹುಳ.

"ನಲವತ್ತು ಮನೆ ಹುಳ ಕಣ್ಲಾ ನಮ್ದು! ನೋಡಿ ಹೇಳೋಳು ಅಲ್ಲಿ ಮಲಗವ್ಳೆ. ಭಾನುವಾರ, ರೇಷ್ಮೆ ಆಫೀಸೂ ಇಲ್ಲ. ಇನ್ಯಾರು ನೋಡೋರು?"

ಎಲ್ಲರೂ ಬೆಂಚಿನ ಕಡೆ ನೋಡಿದರು. ನಯನ ತನ್ನ ಕೈಗಳನ್ನು ನೋಡಿಕೊಂಡಳು.

*

ನಿವೃತ್ತಿಯ ದಿನ ಕೋಠಿಯವರು ಶಾಲು, ಗೋಡೆ ಗಡಿಯಾರ ಕೊಡಲು ಬಂದರೆ, ಭದ್ರಮ್ಮ ಎರಡೂ ಬೇಡವೆಂದು ಮೂಲೆಗೆ ಬಿದ್ದಿದ್ದ ಒಂಟಿಗಣ್ಣಿನ ಹಳೆಯ ಸೂಕ್ಷ್ಮದರ್ಶಕ ಕೇಳಿದ್ದಳು. ಏಳು ತಿಂಗಳು ಕಾಗದ ಓಡಾಡಿ ಅದು ಮನೆಗೆ ಬಂತು. ಅಂದಿನಿಂದ ಜಗುಲಿಯ ಮೇಲೆ ಸಂಬಳವಿಲ್ಲದ ಕೋಠಿ ಶುರುವಾಯಿತು. ಹೊಂಗನೂರಿನವರಲ್ಲದೆ ಸುತ್ತಲಿನ ಊರಿನವರೂ ಹುಳ ತಂದು ನಿಲ್ಲುತ್ತಿದ್ದರು. ಪಿಯುಸಿ ಸೈನ್ಸು ಓದಿ ಫಿಸಿಕ್ಸಿನಲ್ಲಿ ಮುಗ್ಗರಿಸಿದ್ದ ನಯನ ಅರೆದುಕೊಡುತ್ತಿದ್ದಳು. ಅರೆಯುತ್ತಲೇ ನೋಡುವುದನ್ನೂ ಕಲಿತಳು.

"ಗಂಟಿನ ಕಾಳಾದ್ರೆ ಎಲ್ಲಾ ಒಂದೇ ಸಮ ಇರ್ಬೇಕು, ಒಂದೇ ಜರಡೀಲಿ ಜಾಲಿಸಿದ ರಾಗಿ ಇದ್ದಂಗೆ," ಎಂದು ಭದ್ರಮ್ಮ ಹೇಳಿಕೊಡುತ್ತಿದ್ದಳು. "ಒಂದು ದೊಡ್ಡದು ಒಂದು ಚಿಕ್ಕದು ಇದ್ರೆ ಅದು ಬೂಷ್ಟು, ಗಂಟಲ್ಲ. ಒಂದು ಗಾಜು ನೋಡಿ ಬಾಯಿ ಬಿಡ್ಬೇಡ. ಮೂರು ನೋಡು."

ಮೂರು ವರ್ಷದ ಹಿಂದೆ, ದೀಪಾವಳಿ ಕಳೆದ ವಾರ, ಹೊರಗೆ ಇಬ್ಬರು ರೈತರು ಕಾಯುತ್ತಿದ್ದರು. ಭದ್ರಮ್ಮ ಕೊಳವೆಗೆ ಕಣ್ಣಿಟ್ಟವಳು ಹತ್ತು ನಿಮಿಷವಾದರೂ ಮಾತಾಡಲಿಲ್ಲ. ಏನಾಯಿತೆಂದು ನಯನ ಬಗ್ಗಿ ನೋಡಿದಳು. ಕೆಳಗಿನ ಕನ್ನಡಿ ಬೆಳಕಿನ ಕಡೆಗೆ ತಿರುಗಿರಲೇ ಇಲ್ಲ. ಅತ್ತೆ ಅಷ್ಟು ಹೊತ್ತೂ ಕತ್ತಲನ್ನು ನೋಡುತ್ತಿದ್ದಳು.

"ಅತ್ತೆ..."

"ಶ್!" ಎಂದಳು ಭದ್ರಮ್ಮ ತಲೆಯೆತ್ತದೆ. "ಆರು ತಿಂಗಳಾಯ್ತು ಮಂಜಾಗಿ. ಇವತ್ತು ಪೂರಾ ಹೋಯ್ತು. ಸಕ್ಕರೆ ತಿಂದ್ಬುಡ್ತು. ಕನ್ನಡಿ ತಿರುಗ್ಸಿ ನೀನು ನೋಡು. ಕಿವೀಲಿ ಹೇಳು."

ನಯನ ನೋಡಿದಳು. ಕಿವಿಯಲ್ಲಿ ಹೇಳಿದಳು. ಭದ್ರಮ್ಮ ಕೋಲೂರಿಕೊಂಡು ಜಗುಲಿಗೆ ಹೋಗಿ, ಗಟ್ಟಿ ದನಿಯಲ್ಲಿ, "ಗಂಟಿಲ್ಲ, ಹೋಗಿ ಸೊಪ್ಪು ಹಾಕಿ," ಎಂದಳು.

"ಇದು ಮೋಸ ಅಲ್ವಾ ಅತ್ತೆ?" ಎಂದು ನಯನ ಆಮೇಲೆ ಕೇಳಿದ್ದಳು.

"ಜನ ಕಣ್ಣನ್ನ ನಂಬಲ್ಲ ಕಣೆ, ಬಾಯನ್ನ ನಂಬ್ತಾರೆ. ನನ್ನ ಬಾಯಿ ಇರೋಗಂಟ ನಿನ್ನ ಕಣ್ಣು ಪಳಗಲಿ. ಆಮೇಲೆ ನಿನ್ನ ಬಾಯಿ ನೀನೇ ತೆಗೀಬೇಕು."

ಹಾಗೆ ಮೂರು ವರ್ಷ ನಡೆಯಿತು. ಗಂಡನಿಗೂ ಗೊತ್ತಿರಲಿಲ್ಲ. ಮುದುಕಿಗೆ ಸ್ವಲ್ಪ ಮಂಜು ಎಂದಷ್ಟೇ ಊರು ತಿಳಿದಿತ್ತು. ಹಿಂದಿನ ವರ್ಷ ಮುನಿರತ್ನಮ್ಮನ ನೂರೈವತ್ತು ಮೊಟ್ಟೆಯ ಹುಳವನ್ನು ಗುಂಡಿ ತೋಡಿ ಸುಡಿಸಿದ್ದೂ ಹೀಗೆಯೇ. ಅಂದು ಮುನಿರತ್ನಮ್ಮ ಎದೆ ಬಡಿದುಕೊಂಡು ಅತ್ತಿದ್ದಳು, ಆದರೆ ಎದುರಾಡಲಿಲ್ಲ. ಹೇಳಿದ್ದು ಭದ್ರಮ್ಮನಲ್ಲವೇ.

*

"ನಾನು ನೋಡ್ತೀನಿ," ಎಂದಳು ನಯನ.

"ನೀನಾ?" ಮುನಿರತ್ನಮ್ಮ ಮೇಲಿಂದ ಕೆಳಗೆ ನೋಡಿದಳು. "ಅರೆದುಕೊಡೋಳು ನೀನು. ನಿನ್ನ ಮಾತು ನಂಬ್ಕೊಂಡು ಊರು ಮುಳುಗಿಸ್ಕೊಳಾಕಾಯ್ತದಾ?"

ಬಾಯಿ ತೆರೆದರೆ ಅತ್ತೆಯ ಮರ್ಯಾದೆ ಅವಳ ಹೆಣದ ಮುಂದೆಯೇ ಹೋದೀತು. ತೆರೆಯದಿದ್ದರೆ ಚಿಕ್ಕಹನುಮಯ್ಯನ ಹುಳ ಬೆಂಕಿಗೆ. ನಯನ ಒಮ್ಮೆ ಬೆಂಚಿನ ಕಡೆ ನೋಡಿದಳು. ಗಟ್ಟಿ ದನಿಯಲ್ಲೇ ಹೇಳಿದಳು.

"ಮೂರು ವರ್ಷದಿಂದ ಅತ್ತೆಗೆ ಕಣ್ಣೇ ಕಾಣ್ತಿರ್ಲಿಲ್ಲ. ನೋಡ್ತಿದ್ದೋಳು ನಾನು. ಅವ್ರು ಹೇಳ್ತಿದ್ರು, ಅಷ್ಟೆ."

ಶ್ರೀನಿವಾಸ್ ಹೆಂಡತಿಯನ್ನು ಹೊಸದಾಗಿ ನೋಡುವವನಂತೆ ನೋಡಿದ.

"ಅಂದ್ರೆ... ಹೋದೊರ್ಷ ನಮ್ಮನೆ ಹುಳ ಸುಡಿಸ್ದೋಳು ನೀನಾ?" ಮುನಿರತ್ನಮ್ಮ ಎದ್ದು ನಿಂತಿದ್ದಳು.

"ನಾನೇ ಅಕ್ಕ."

"ಅಯ್ಯೋ ನಿನ್ನ ಮನೆ ಕಾಯ್ವಾಗ! ಅವಳ ಹೆಸರಲ್ಲಿ ಊರಿಗೆಲ್ಲ..."

"ಅರೆ, ಒಂದ್ನಿಮಿಷ," ಎಂದು ಅಮೀರುನ್ನೀಸಾ ನಡುವೆ ಬಂದಳು. "ಸುಟ್ಟಮೇಲೆ ಮುಂದಿನ ಬೆಳೆ ಹೇಗಾಯ್ತು ನಿಮ್ದು?"

ಮುನಿರತ್ನಮ್ಮ ತೆರೆದ ಬಾಯಿ ಹಾಗೇ ಇಟ್ಟುಕೊಂಡಳು. ಆಮೇಲೆ ಬೇರೆ ಕಡೆ ನೋಡುತ್ತ, "ಆಯ್ತು... ಚೆಂದಾಗೇ ಆಯ್ತು," ಎಂದಳು.

"ಹಾಗಾದ್ರೆ ಅಮ್ಮಾವ್ರೆ, ನೀವೇ ನೋಡ್ಬುಡಿ," ಎಂದ ಗುಂಪಿನಲ್ಲಿದ್ದ ಮುದುಕ ಅಮೀರುನ್ನೀಸಾಳಿಗೆ. "ನೀವು ಸರ್ಕಾರದೋರು. ನೀವು ಅಂದಿದ್ದು ನಂಬ್ತೀವಿ."

ಅಮೀರುನ್ನೀಸಾ ನಯನಳ ಕಡೆ ಬೆರಳು ತೋರಿಸಿದಳು. "ನೋಡ್ತೀನಿ. ಆದ್ರೆ ಬಾಯಿ ಬಿಡಲ್ಲ. ಮೊದಲು ಇವಳು ಹೇಳ್ಲಿ. ಇವಳು ತಪ್ಪಿದ್ರೆ ಮಾತ್ರ ನಾನು ಹೇಳೋದು."

ಸಾವಿನ ಮನೆಯಲ್ಲಿ ಹೀಗೂ ಒಂದು ಕೆಲಸ ನಡೆಯುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ಶ್ರೀನಿವಾಸ್ ತಾನೇ ಪೆಟ್ಟಿಗೆ ಹೊತ್ತುತಂದು ಜಗುಲಿಯ ಬಿಸಿಲಿನಲ್ಲಿ ಇಟ್ಟ. ನಯನ ಎಲ್ಲರನ್ನೂ ಹತ್ತು ಮಾರು ಹಿಂದಕ್ಕೆ ಸರಿಸಿದಳು. ಗೇಟಿನ ಮೇಲಿಂದ ಎಲೆ ತೆಗೆದುಕೊಂಡು, ಒಂದಲ್ಲ, ಮೂರು ಹುಳವನ್ನು ಬೇರೆ ಬೇರೆಯಾಗಿ ಅರೆದು, ತಿಳಿಯಾಗಲು ಬಿಟ್ಟು, ಮೂರು ಗಾಜು ಸಿದ್ಧಮಾಡಿದಳು. ಕನ್ನಡಿಯನ್ನು ಬೆಳಕಿಗೆ ತಿರುಗಿಸಿ ಕಣ್ಣಿಟ್ಟಳು.

ಕಾಳುಗಳು ಕಂಡವು. ಮೊಟ್ಟೆಯಾಕಾರ, ಹೊಳಪು. ಈವರೆಗೆ ಇಂಥ ಹೊತ್ತಿನಲ್ಲಿ ಕಿವಿಯೊಂದು ಹತ್ತಿರವಿರುತ್ತಿತ್ತು. ಅನುಮಾನವಿದ್ದರೆ ಆ ಕಿವಿಗೆ ಅನುಮಾನವನ್ನೇ ಹೇಳಬಹುದಿತ್ತು. ಈಗ ಆ ಕಿವಿಯಲ್ಲಿ ಹತ್ತಿ ಇಟ್ಟಿದ್ದರು. ಅವಳು ಉಸಿರು ಬಿಗಿಹಿಡಿದು ಗಾಜನ್ನು ಕೂದಲೆಳೆಯಷ್ಟು ಸರಿಸಿದಳು. ಒಂದು ಕಾಳು ದಪ್ಪ, ಪಕ್ಕದ್ದು ಅದರ ಅರ್ಧ. ಇನ್ನೊಂದು ಉದ್ದ. ಎರಡನೇ ಗಾಜಿನಲ್ಲಿ ಒಂದಕ್ಕೆ ದಾರದಂಥ ಎಳೆ ಅಂಟಿಕೊಂಡೇ ಇತ್ತು. ಮೂರನೆಯದರಲ್ಲಿ ಏನೂ ಇಲ್ಲ. ಮತ್ತೆ ಮೊದಲನೆಯದನ್ನು ನೋಡಿದಳು.

ಅವಳು ಎದ್ದು ಅಮೀರುನ್ನೀಸಾಳಿಗೆ ಜಾಗ ಬಿಟ್ಟಳು. ಅಮೀರುನ್ನೀಸಾ ಮೂರನ್ನೂ ನೋಡಿ, ಕೈ ಮಡಿಚಿ ಸುಮ್ಮನೆ ಕೂತಳು. ಅವಳ ಮುಖದಿಂದ ಏನನ್ನೂ ತಿಳಿಯುವಂತಿರಲಿಲ್ಲ.

"ಗಂಟಲ್ಲ," ಎಂದಳು ನಯನ. ಗೇಟಿನವರೆಗೆ ಕೇಳಲೆಂದು ಇನ್ನೊಮ್ಮೆ ಕೂಗಿದಳು. "ಗಂಟಲ್ಲ! ಇದು ಹುಳದಡಿಯ ಸೊಪ್ಪಿನ ಹಾಸಿಗೆಯ ಬೂಷ್ಟು. ಸುಡಬೇಕಾಗಿಲ್ಲ!"

ಎಲ್ಲರ ಕಣ್ಣು ಅಮೀರುನ್ನೀಸಾಳ ಮೇಲೆ. ಅವಳು ಎದ್ದಳು, ಟಬ್ಬಿನ ಹತ್ತಿರ ಹೋಗಿ ಕೈ ತೊಳೆದುಕೊಂಡಳು, ಭದ್ರಮ್ಮನ ತಲೆಯ ಬಳಿ ಹೋಗಿ ಕೂತಳು. ಒಂದು ಮಾತೂ ಆಡಲಿಲ್ಲ. ಅದು ಅರ್ಥವಾಗಲು ಗುಂಪಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನರಸಯ್ಯ, "ನಮ್ಮಕ್ಕ ಗೆದ್ಬುಟ್ಲು ಕಣ್ರಲಾ!" ಎಂದು ತೊಡೆ ತಟ್ಟಿದ.

ನಯನ ಮಾತ್ರ ಗೇಟಿನ ಹತ್ತಿರ ಹೋಗಿದ್ದಳು. "ಚಿಕ್ಕಯ್ಯಣ್ಣ, ನಿಜ ಹೇಳು. ನಾಲ್ಕು ದಿನದಿಂದ ಸೊಪ್ಪು ಹೆಂಗೆ ಹಾಕ್ದೆ?"

ಚಿಕ್ಕಹನುಮಯ್ಯ ತಲೆ ತಗ್ಗಿಸಿದ. "ಹೆಂಡ್ತಿ ಕನಕಪುರಕ್ಕೆ ಹೋಗವ್ಳೆ, ಮಗಳ ಬಾಣಂತನಕ್ಕೆ. ಮನೇಲಿ ನಾನೊಬ್ನೇ. ನಿಮ್ಮತ್ತೆ ಇವತ್ತು ಹೋಗ್ತಾಳೆ, ನಾಳೆ ಹೋಗ್ತಾಳೆ ಅಂತಿದ್ರು. ಹೋದ್ರೆ ಹೆಗಲು ಕೊಡ್ಬೇಕು, ಕೊಟ್ಟಮೇಲೆ ಹುಳದ ಮನೆಗೆ ಹೋಗಂಗಿಲ್ಲ. ಅದಕ್ಕೇ ದಿನಾ ಬೆಳಿಗ್ಗೇನೇ ದಿನಕ್ಕಾಗೋವಷ್ಟು ಸೊಪ್ಪು ಒಟ್ಟಿಗೇ ಒಟ್ಬುಡ್ತಿದ್ದೆ."

"ಜ್ವರದಲ್ಲಿ ಮಲಗಿದ್ದ ಹುಳದ ಮೇಲೆ?"

"ಅರ್ಧ ಎದ್ದಿದ್ವು, ಅರ್ಧ ಮಲಗಿದ್ವು."

ನಯನಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎದ್ದವು ತಿಂದು ಬೆಳೆದಿವೆ, ಮಲಗಿದ್ದವು ಸೊಪ್ಪಿನಡಿ ಉಸಿರುಗಟ್ಟಿವೆ. ಅಡಿಯ ಸೊಪ್ಪು ಕಾವು ಏರಿ ಬೂಷ್ಟು ಹಿಡಿದಿದೆ. ಒಂದರ ಮೇಲೊಂದು ಹತ್ತಿ ಉಗುರು ತಾಗಿದ ಗಾಯವೇ ಆ ಕರಿ ಚುಕ್ಕೆ. ನಾಲ್ಕು ದಿನ ಈ ಮನುಷ್ಯ ಒಂದು ಹೆಣಕ್ಕೆ ಹೆಗಲು ಕೊಡುವ ಆಸೆಯಿಂದ ಇನ್ನೂರು ಮೊಟ್ಟೆಯ ಹುಳವನ್ನು ಸೊಪ್ಪಿನಲ್ಲಿ ಹೂತುಬಿಟ್ಟಿದ್ದ.

"ಈಗ್ಲೇ ಹೋಗು. ಹಳೆ ಹಾಸಿಗೆ ಪೂರಾ ತೆಗಿ, ಸುಣ್ಣದ ಪುಡಿ ಉದುರ್ಸು. ಸಣ್ಣವನ್ನ ಬೇರೆ ಮಾಡು, ಒತ್ತಾಗದಂಗೆ ಹರವು. ಸೊಪ್ಪು ತೆಳ್ಳಗೆ ಹಾಕು. ಇವತ್ತು ಬಿಟ್ರೆ ನಾಳಿಕ್ಕೆ ಉಳಿಯಲ್ಲ."

"ಇವತ್ತಾ? ಹೆಗಲು..."

"ನೀನು ಹೆಗಲು ಕೊಡಂಗಿಲ್ಲ."

"ಮೂವತ್ತು ವರ್ಷ ಅವಳ ಬಿತ್ತನೆ ತಿಂದಿವ್ನಿ ಕನವ್ವ! ಮುಖಾನೂ ನೋಡಿಲ್ಲ ಇನ್ನೂ. ಒಂದು ಕಿತ ಒಳಕ್ಕೆ ಬಂದು..."

"ಗೇಟು ದಾಟ್ಬೇಡ!" ಎಂದಳು ನಯನ. ಅದು ತನ್ನದೇ ದನಿಯೇ ಎಂದು ಅವಳಿಗೇ ಆಶ್ಚರ್ಯವಾಯಿತು. "ದಾಟಿದ್ರೆ ಇವತ್ತು ಹುಳದ ಮನೆಗೆ ಹೋಗಾಕಾಗಲ್ಲ ನೀನು. ಹೋಗಣ್ಣ. ಹೇಳ್ತಾ ಇವ್ನಿ, ಹೋಗು."

ಅವನು ಗೇಟಿನ ಆಚೆಯಿಂದಲೇ ನೆಲಕ್ಕೆ ಹಣೆ ಮುಟ್ಟಿಸಿ, ಕಣ್ಣೊರೆಸಿಕೊಂಡು, ಬೀದಿಯಲ್ಲಿ ಓಡುತ್ತ ಹೋದ.

*

ಮೂರು ಗಂಟೆಗೆ ಚಟ್ಟ ಎತ್ತಿದರು. ಚಿಕ್ಕಹನುಮಯ್ಯನ ಜಾಗಕ್ಕೆ ಮುನಿರತ್ನಮ್ಮನ ಗಂಡ ಹುಳ ಬಿಟ್ಟು ಓಡಿಬಂದಿದ್ದ. ಮುನಿರತ್ನಮ್ಮನೇ ಹೇಳಿಕಳಿಸಿದ್ದಳು, ಸೊಪ್ಪು ಹಾಕಲು ಮನೆಯಲ್ಲಿ ಮಗಳಿದ್ದಾಳೆ, ಚಿಕ್ಕಹನುಮಯ್ಯನಿಗೆ ಯಾರಿದ್ದಾರೆ ಎಂದು. ಅವಳು ನಯನಳ ಜೊತೆ ಮಾತಾಡಲಿಲ್ಲ. ಆದರೆ ಮೆರವಣಿಗೆ ಹೊರಟಾಗ ಪಕ್ಕಕ್ಕೆ ಬಂದು, ಸೊಸೆಯಾದವಳು ಎಲ್ಲಿ ನಡೆಯಬೇಕೋ ಅಲ್ಲಿಗೆ, ಚಟ್ಟದ ಹಿಂದಕ್ಕೆ, ತೋಳು ಹಿಡಿದು ಅವಳನ್ನು ತಂದು ನಿಲ್ಲಿಸಿದಳು.

"ಬುಧವಾರ ನಮ್ಮವು ಜ್ವರಕ್ಕೆ ಕೂರ್ತವೆ," ಎಂದಳು ನೆಲ ನೋಡುತ್ತ. "ಮೂರನೇ ದಿನದ ಹಾಲುತುಪ್ಪ ಮುಗಿದ್ಮೇಲೆ ಒಸಿ ನೋಡ್ಬುಡು."

ತಮಟೆಯವರು ಮುಂದೆ, ಬೆಂಕಿಯ ಮಡಕೆ ಹಿಡಿದ ಶ್ರೀನಿವಾಸ್ ಅವರ ಹಿಂದೆ. ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಗುಂಡಿ ತೋಡಿದ್ದರು. ಅಲ್ಲಿಗೆ ಹೋಗುವ ದಾರಿ ಚಿಕ್ಕಹನುಮಯ್ಯನ ಮನೆಯ ಮುಂದೆಯೇ. ಮನೆ ಹತ್ತಿರವಾಗುತ್ತಿದ್ದಂತೆ ನಯನ ಕೈಯೆತ್ತಿದಳು. ಹುಳ ಬೆದರುತ್ತದೆಂದು ತಮಟೆಯವರಿಗೆ ಹೇಳಬೇಕಾಗಲಿಲ್ಲ. ಅವರ ಮನೆಗಳಲ್ಲೂ ಹುಳವಿತ್ತು. ಬಡಿತ ನಿಂತಿತು. ಅಳುವವರೂ ದನಿ ತಗ್ಗಿಸಿದರು. ನೂರಾರು ಬರಿಗಾಲುಗಳು ಮಣ್ಣಿನ ಬೀದಿಯಲ್ಲಿ ಸದ್ದಿಲ್ಲದೆ ನಡೆದವು.

ಸೊಳ್ಳೆ ಪರದೆಯ ಕಿಟಕಿಯಲ್ಲಿ ಚಿಕ್ಕಹನುಮಯ್ಯ ಕಂಡ. ಬೀದಿಗೆ ಬೆನ್ನು ಮಾಡಿ ನಿಂತಿದ್ದ. ತಟ್ಟೆಯ ಮೇಲೆ ಬಗ್ಗಿ, ಬೆರಳ ತುದಿಯಲ್ಲಿ ಒಂದೊಂದೇ ಸಣ್ಣ ಹುಳವನ್ನು ಎತ್ತಿ ಬೇರೆ ತಟ್ಟೆಗೆ ಹಾಕುತ್ತಿದ್ದ. ಅಂಗಿ ಬೆವರಿಗೆ ಅಂಟಿತ್ತು, ಮೊಣಕೈವರೆಗೆ ಸುಣ್ಣ. ಯಾರು ಹೋಗುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು. ಭುಜ ಒಂದು ಸಲ ಅಲುಗಿತು. ತಿರುಗಲಿಲ್ಲ.

ಹೊತ್ತವರು ತಾವಾಗಿ ಹೆಜ್ಜೆ ನಿಧಾನ ಮಾಡಿದರು. ಆಗ ಆ ನಿಶ್ಶಬ್ದದಲ್ಲಿ ಕಿಟಕಿಯೊಳಗಿನಿಂದ ಸದ್ದು ಕೇಳಿಸಿತು, ಒಣ ಹುಲ್ಲಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಹೊಸ ಸೊಪ್ಪನ್ನು ಸಾವಿರಾರು ಬಾಯಿಗಳು ಕರಕರನೆ ಮೇಯುತ್ತಿದ್ದವು.